ನೀಲಿ ಬೆಳಕಿನಲ್ಲಿ ಕಂಡ ಅಂಚು

ದೊಡ್ಡವ್ವ ನನ್ನ ತಾಯಿಯ ಅಕ್ಕ. ನನ್ನನ್ನು ಹೆತ್ತ ಕೆಲವೇ ದಿನಗಳಲ್ಲಿ ಅವ್ವ ತೀರಿಕೊಂಡಿದ್ದರಿಂದ ಮಸ್ಕಿಯಲ್ಲಿ ನನ್ನನ್ನು ಸಾಕಿ ಬೆಳೆಸಿದವಳು ಅವಳೇ. ಗಂಡ ಬೇಗ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಕಾಲುವೆಗೆ ನೀರು ಬಿಟ್ಟ ಕೂಡಲೇ ಹತ್ತು ಹನ್ನೆರಡು ಹೆಂಗಸರನ್ನು ಕಟ್ಟಿಕೊಂಡು ತುರ್ವಿಹಾಳದ ಕಡೆ ನಾಟಿ ಹಚ್ಚಲು ಹೋಗುತ್ತಿದ್ದಳು. ಮಾತಿನ ಮಲ್ಲಿ. ಗದ್ದೆಯ ಯಜಮಾನ ಹೇಗೆ ಕೆಮ್ಮುತ್ತಾನೆ, ಅವನ ಹೆಂಡತಿ ಹೇಗೆ ಗದರುತ್ತಾಳೆ ಎಂದು ಮಾಡಿ ತೋರಿಸಿದರೆ ಕೆಸರಲ್ಲಿ ಬಗ್ಗಿದ್ದ ಹೆಂಗಸರು ನಕ್ಕು ನಕ್ಕು ಎದ್ದು ನಿಲ್ಲುತ್ತಿದ್ದರು. ಬೆಳಿಗ್ಗೆ ಗದ್ದೆಗೆ ಇಳಿಯುವ ಮುನ್ನ ತಂಬಾಕಿಗೆ ಸುಣ್ಣ ತಿಕ್ಕಿ ಎಡಗಡೆಯ ಕೆಳಗಿನ ಒಸಡಿಗೆ ಒತ್ತಿಕೊಂಡಳೆಂದರೆ ಮಧ್ಯಾಹ್ನದವರೆಗೆ ಹಸಿವು ಗೊತ್ತಾಗುತ್ತಿರಲಿಲ್ಲವಂತೆ.

ಎಂಬತ್ತರ ದಶಕದಲ್ಲಿ ನಾನು ದಿನಾ ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋಗಿ ಕಾಲೇಜು ಓದಿದೆ. ಆಮೇಲೆ ದೂರದ ನಗರದಲ್ಲಿ ನರ್ಸಿಂಗ್ ಕಲಿತು, ಅಲ್ಲಿಯೇ ಕ್ಯಾನ್ಸರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಆಪರೇಷನ್ ಥಿಯೇಟರಿನ ಡ್ಯೂಟಿ. ನನ್ನ ಮಸ್ಕಿಯ ಕಡೆಯ ಮಾತು ಕೇಳಿ ಜೊತೆಯವರು ನಗುತ್ತಿದ್ದರು. ಕ್ರಮೇಣ ನಾನು ಅವರ ಹಾಗೆ ಮಾತಾಡಲು ಕಲಿತೆ, ಆಮೇಲೆ ಕಡಿಮೆ ಮಾತಾಡಲು ಕಲಿತೆ. ಮದುವೆಯ ಮಾತು ಒಂದೆರಡು ಸಲ ಬಂತು, ಹೋಯಿತು. ಡ್ಯೂಟಿ ಮುಗಿಸಿ ಹಾಸ್ಟೆಲಿನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರೆ ಮರುದಿನ ಥಿಯೇಟರಿನಲ್ಲಿ "ಗುಡ್ ಮಾರ್ನಿಂಗ್ ಡಾಕ್ಟರ್" ಎನ್ನುವವರೆಗೆ ಬಾಯಿಂದ ಒಂದು ಶಬ್ದವೂ ಹೊರಡದ ಎಷ್ಟೋ ದಿನಗಳಿದ್ದವು.

ತೊಂಬತ್ತರ ದಶಕದ ಕೊನೆಯ ಒಂದು ಯುಗಾದಿಗೆ ರಜೆ ಹಾಕಿ ಮಸ್ಕಿಗೆ ಹೋಗಿದ್ದೆ. ಊಟಕ್ಕೆ ಕೂತಾಗ ದೊಡ್ಡವ್ವ ಖಾರ ತಾಗಿ ಮುಖ ಕಿವುಚಿದಳು.

"ಬಾಯಾಗ ಏನಾಗೇತಿ? ತೋರ್ಸು," ಎಂದೆ.

ತೆರೆದು ತೋರಿಸಿದಳು. ಒಸಡಿನ ಮೇಲೆ ಹೆಬ್ಬೆರಳ ಉಗುರಿನಷ್ಟು ಬಿಳಿಯ ಮಚ್ಚೆ, ನಡುವೆ ಸ್ವಲ್ಪ ಕೆಂಪು. ಅಂಥ ಮಚ್ಚೆ ಮುಂದೆ ಏನಾಗುತ್ತದೆ ಎಂಬುದನ್ನು ನಾನು ದಿನವೂ ಥಿಯೇಟರಿನಲ್ಲಿ ನೋಡುತ್ತಿದ್ದೆ. ಆದರೂ ಅಂದೆ: "ಸುಣ್ಣ ಹೆಚ್ಚಾಗಿ ಸುಟ್ಟೇತಿ. ತಂಬಾಕ ಬಿಡು, ಹೋಗ್ತೈತಿ."

ಯಾಕೆ ಹಾಗಂದೆ? ರಜೆ ಮೂರೇ ದಿನ ಉಳಿದಿತ್ತು. ಹಬ್ಬ ಕೆಡುತ್ತದೆ ಅನ್ನಿಸಿತು. ನನಗೆ ಇದ್ದವಳು ಅವಳೊಬ್ಬಳೇ, ಅವಳ ಬಾಯಲ್ಲಿ ಅದು ಇರಬಾರದು ಎಂದು ಕಣ್ಣೇ ಸುಳ್ಳು ಹೇಳಿತೋ ಏನೋ. ಒಂದು ವರ್ಷ ಮತ್ತೆ ಊರಿಗೆ ಹೋಗಲಿಲ್ಲ. ಪಕ್ಕದ ಮನೆಯವರು ಎಸ್‌ಟಿಡಿ ಬೂತಿನಿಂದ ಆಸ್ಪತ್ರೆಗೆ ಫೋನ್ ಮಾಡಿದರು: "ನಿಮ್ಮ ದೊಡ್ಡವ್ವಗ ಬಾಯಿ ತೆರ್ಯಾಕ ಬರವಲ್ದ್ರೀ. ಬರೇ ಗಂಜಿ ಕುಡ್ಯಾಕತ್ತ್ಯಾಳ." ಆ ದಿನವೇ ಹೊರಟು ಅವಳನ್ನು ಕರೆತಂದೆ.

ನಮ್ಮ ಸರ್ಜನ್ ಮಾತು ಕಡಿಮೆಯ ಮನುಷ್ಯ. ಗಡ್ಡೆ ತೆಗೆದ ಮೇಲೆ ಉಳಿದ ಗಾಯದ ಅಂಚಿನಲ್ಲಿ ರೋಗವಿದೆಯೋ ಇಲ್ಲವೋ ಎಂಬುದೇ ಅವರ ದೊಡ್ಡ ಚಿಂತೆ. ಚೂರು ಬಿಟ್ಟರೂ ಅದು ಅದೇ ಜಾಗದಲ್ಲಿ ಮತ್ತೆ ಬೆಳೆಯುತ್ತದೆ. ಹೆದರಿ ಹೆಚ್ಚು ಕತ್ತರಿಸಿದರೆ ಮನುಷ್ಯನಿಗೆ ಉಣ್ಣಲು, ಮಾತಾಡಲು ಬಾಯಿ ಉಳಿಯುವುದಿಲ್ಲ. ಎಲ್ಲರೂ ಕಣ್ಣಿನಿಂದ ನೋಡಿ, ಬೆರಳಿನಿಂದ ಒತ್ತಿ ತೀರ್ಮಾನಿಸುತ್ತಿದ್ದ ಕಾಲ ಅದು. ಇವರು ಮಾತ್ರ ನೀಲಿ ಬೆಳಕಿನ ದೀಪವೊಂದನ್ನು ತರಿಸಿಕೊಂಡು ಪರೀಕ್ಷೆ ಮಾಡುತ್ತಿದ್ದರು. ಥಿಯೇಟರಿನ ದೀಪಗಳನ್ನೆಲ್ಲ ಆರಿಸಿ, ಆ ಬೆಳಕನ್ನು ಗಾಯದ ಮೇಲೆ ಬಿಟ್ಟು, ಹಳದಿ ಕನ್ನಡಕದಿಂದ ನೋಡಬೇಕು. ಆರೋಗ್ಯವಾದ ಚರ್ಮ ತಾನೇ ತಾನಾಗಿ ಮಂದ ಹಸಿರಾಗಿ ಹೊಳೆಯುತ್ತಿತ್ತು. ರೋಗವಿದ್ದ ಕಡೆ ಹೊಳಪಿಲ್ಲದೆ ಕಪ್ಪಗೆ ಕಾಣುತ್ತಿತ್ತು. ರಕ್ತ ನಿಂತರೂ, ಬಾವು ಇದ್ದರೂ ಕಪ್ಪು ಕಾಣುವುದರಿಂದ ಅವರು ಬೆಳಕೊಂದನ್ನೇ ನಂಬುತ್ತಿರಲಿಲ್ಲ. ಕಪ್ಪಗೆ ಕಂಡ ಕಡೆಯಿಂದ ಚೂರು ತೆಗೆದು ಲ್ಯಾಬಿಗೆ ಕಳಿಸುತ್ತಿದ್ದರು. ಅಲ್ಲಿ ಅದನ್ನು ಹೆಪ್ಪುಗಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಿದ್ದರು. ದೀಪ ಹಿಡಿಯುವುದು ನನ್ನ ಕೆಲಸ.

ಆಪರೇಷನ್ನಿನ ಹಿಂದಿನ ದಿನ ಅವರು ನನಗೆ ಹೇಳಿದರು: "ದವಡೆಯ ಸ್ವಲ್ಪ ಭಾಗ ಹೋಗುತ್ತದೆ. ನಾಲಗೆ ಸದ್ಯಕ್ಕೆ ಚೆನ್ನಾಗಿದೆ. ಆದರೆ ರೋಗ ಅಲ್ಲಿಗೂ ಹೋಗಿದ್ದರೆ ಅದನ್ನೂ ತೆಗೆಯಬೇಕಾಗುತ್ತದೆ. ನನ್ನ ಮಾತಿಗಿಂತ ನಿಮ್ಮ ಮಾತು ಅವರಿಗೆ ತಿಳಿಯುತ್ತದೆ. ಎಲ್ಲ ಬಿಡಿಸಿ ಹೇಳಿ."

ವಾರ್ಡಿಗೆ ಹೋದೆ. ದೊಡ್ಡವ್ವ ಮಂಚದ ಮೇಲೆ ಕೂರದೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಬೇರೆ ರಾಜ್ಯಗಳಿಂದ ಬಂದ ಅಕ್ಕಪಕ್ಕದವರ ಮಾತು ಅವಳಿಗೆ ತಿಳಿಯದು, ಅವಳದು ಅವರಿಗೆ ತಿಳಿಯದು. ದವಡೆಯ ವಿಷಯ ಹೇಳಿದೆ.

"ನಾಲಗಿ?" ಎಂದಳು. "ನಾಲಗಿ ಉಳಿತೈತೇನು?"

"ಉಳಿತೈತಿ."

"ಹಂಗಾದ್ರ ಆತು ತಗೋ. ಗಟ್ಟಿ ರೊಟ್ಟಿ ತಿನ್ನಾಕ ಆಗದಿದ್ರೂ ನಡಿತೈತಿ. ಮಾತಾಡಾಕ ಬರಬೇಕು ನೋಡು." ಒಪ್ಪಿಗೆಯ ಕಾಗದಕ್ಕೆ ನಿಶಾನಿ ಒತ್ತಲು ಹೆಬ್ಬೆರಳು ಚಾಚಿದಳು.

ಆಪರೇಷನ್ನಿನ ದಿನ ನನ್ನ ಬದಲು ಬೇರೆಯವರನ್ನು ಹಾಕಲೇ ಎಂದು ಸರ್ಜನ್ ಕೇಳಿದರು. ಬೇಡ ಎಂದೆ. ಒಳಗೆ ಅವಳ ಮುಖವನ್ನು ಹಸಿರು ಬಟ್ಟೆಯಿಂದ ಮುಚ್ಚಿ ಬಾಯಿಯನ್ನಷ್ಟೇ ಬಿಟ್ಟಿದ್ದರು. ಗಡ್ಡೆ ಹೊರಬಂತು. ಸರ್ಜನ್ ಸುತ್ತಲೂ ಬೆರಳಾಡಿಸಿದರು. "ಎಲ್ಲ ಮೆತ್ತಗಿದೆ. ಅಂಚು ಚೆನ್ನಾಗಿ ಕಾಣುತ್ತಿದೆ," ಎಂದರು. ನನ್ನ ಎದೆ ಹಗುರಾಯಿತು. ರಕ್ತ ಒರೆಸಿ, ದೀಪಗಳನ್ನು ಆರಿಸಿದರು. ನಾನು ನೀಲಿ ದೀಪ ಹಿಡಿದೆ.

ಕೆನ್ನೆಯ ಕಡೆ ಹಸಿರು. ಹಿಂದೆಯೂ ಹಸಿರು. ನಾಲಗೆಯ ಬದಿಯಲ್ಲಿ ಮಾತ್ರ ಬೆರಳಗಲದ ಒಂದು ಪಟ್ಟಿ ಕಪ್ಪಗೆ ಕಂಡಿತು. ರಕ್ತವಿರಬಹುದೆಂದು ಮತ್ತೆ ತೊಳೆದರು. ಕಪ್ಪು ಹೋಗಲಿಲ್ಲ. ನಾನು ಬೆಳಕನ್ನು ಮತ್ತೆ ಕೆನ್ನೆಯ ಕಡೆ ಸರಿಸಿದೆ. "ಸಿಸ್ಟರ್, ಅಲ್ಲೇ ಹಿಡಿಯಿರಿ," ಎಂದರು. ಆ ಪಟ್ಟಿಯಿಂದ ಚೂರೊಂದು ಲ್ಯಾಬಿಗೆ ಹೋಯಿತು.

ಉತ್ತರಕ್ಕೆ ಕಾದೆವು. ಆ ಕೋಣೆಯಲ್ಲಿ ಏಳು ಜನರಿದ್ದೆವು. ಅವಳಿಗೆ ನಾಲಗೆ ಉಳಿಯುತ್ತದೆಂದು ಮಾತು ಕೊಟ್ಟವಳು ನಾನೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಲ್ಯಾಬಿನವರು ಬಾಗಿಲಲ್ಲಿ ನಿಂತು, "ಇದೆ," ಎಂದರು. ಅಷ್ಟೇ. ಸರ್ಜನ್ ನನ್ನ ಕಡೆ ಒಮ್ಮೆ ನೋಡಿ ಚಾಕುವಿಗೆ ಕೈ ಚಾಚಿದರು. ನಾನೇ ಕೊಟ್ಟೆ. ನಾಲಗೆಯ ಮೂರನೇ ಒಂದು ಭಾಗ ಹೋಯಿತು. ಎರಡನೇ ಸಲ ದೀಪ ಹಿಡಿದಾಗ ಎಲ್ಲ ಕಡೆ ಹಸಿರಿತ್ತು. ಹೊಸ ಅಂಚಿನ ಚೂರೂ ಶುದ್ಧವೆಂದು ಲ್ಯಾಬಿನಿಂದ ಬಂತು.

ಗಾಯ ಮಾಯಿತು. ಆಮೇಲೆ ವಿಕಿರಣ, ವಾರ್ಡಿನವರು 'ಕರೆಂಟು' ಎನ್ನುವ ಚಿಕಿತ್ಸೆ, ಅದೂ ಮುಗಿಯಿತು. ಗಂಜಿ ಬಿಡುತ್ತಿದ್ದ ಮೂಗಿನ ಕೊಳವೆ ತೆಗೆದ ಮೇಲೂ ಎಷ್ಟೋ ದಿನ ಅವಳು ಮಾತಿಗೆ ಬಾಯಿ ತೆರೆಯಲೇ ಇಲ್ಲ. ಒಂದು ಸಂಜೆ ತಲೆ ಬಾಚುತ್ತಿದ್ದೆ. ಬೆನ್ನು ಮಾಡಿ ಕೂತವಳು ಏನೋ ಅಂದಳು. ಶಬ್ದಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಿದ್ದವು. ಸುತ್ತ ಯಾರಿಗೂ ತಿಳಿಯಲಿಲ್ಲ. ನನಗೆ ಮೊದಲ ಸಲಕ್ಕೇ ತಿಳಿಯಿತು.

"ಉಳಿತೈತಿ ಅಂದಿದ್ದಿ."

"ಅಂದಿದ್ದೆ ದೊಡ್ಡವ್ವ. ಡಾಕ್ಟರು ಹೋಗಬಹುದು ಅಂತ ಹೇಳಿದ್ರು. ನಾ ನಿನಗ ಹೇಳಲಿಲ್ಲ. ಮೊದಲು ಬಾಯಿ ನೋಡಿದಾಗೂ ನನಗ ಗೊತ್ತಿತ್ತು. ಆಗೂ ಹೇಳಲಿಲ್ಲ."

ಅವಳು ತಿರುಗದೆ ಬಾಚಣಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಉಳಿದ ಕೂದಲನ್ನು ತಾನೇ ಬಾಚಿಕೊಂಡಳು.

ನನ್ನ ಜೊತೆ ಇರು ಎಂದರೆ ಒಪ್ಪದೆ ಮಸ್ಕಿಗೆ ಹೋದಳು. ಮೊದಮೊದಲು ನೋಡಲು ಬಂದ ಹೆಂಗಸರು, ಮಾತು ತಿಳಿಯದೆ ಸುಮ್ಮನೆ ತಲೆಯಾಡಿಸಿ, ಆಮೇಲೆ ಬರುವುದನ್ನೇ ಬಿಟ್ಟರು. ಉಣ್ಣುವಾಗ ಬಾಯಿಂದ ಜಾರುತ್ತದೆಂದು ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ನಾನು ಹೋದಾಗ ನಾನೂ ಅವಳಿಗೆ ಬೆನ್ನು ಮಾಡಿ ಕೂತು ಉಣ್ಣುತ್ತಿದ್ದೆ. ಒಂದೇ ಕೋಣೆಯಲ್ಲಿ ಎರಡು ತಟ್ಟೆ, ಎರಡು ಗೋಡೆ. ತಪಾಸಣೆಗೆ ಮಾತ್ರ ತಪ್ಪದೆ ಬರುತ್ತಿದ್ದಳು. ಪ್ರತಿ ಸಲವೂ ಬಾಯಿ ಶುದ್ಧವಾಗಿತ್ತು. "ಆ ಪಟ್ಟಿ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ವಾಪಸ್ ಬಂದಿರುತ್ತಿತ್ತು," ಎಂದು ಸರ್ಜನ್ ಹೇಳಿದರು. ಅದನ್ನು ಅವಳಿಗೆ ಹೇಳಿದೆ. ಮುಂದಿನ ತಪಾಸಣೆಯ ಚೀಟಿಯನ್ನು ಮಡಚಿ ಸೊಂಟದ ಚೀಲಕ್ಕೆ ಹಾಕಿಕೊಂಡಳು.

ಎರಡು ವರ್ಷವಾದ ಮೇಲೆ ಒಮ್ಮೆ ನಾನು ಮಸ್ಕಿಗೆ ಹೋಗಿ ಮರಳುವಾಗ ಅವಳೇ ನನ್ನ ಜೊತೆ ಸಿಂಧನೂರಿಗೆ ಹೊರಟಳು. ದಢೇಸೂಗೂರಿನಲ್ಲಿ ಹೆಂಗಸರ ಹೊಸ ಗುಂಪೊಂದು ಅವಳನ್ನು ನಾಟಿಗೆ ಕರೆದಿತ್ತು. ನಾನು ಸಿಂಧನೂರಿನಿಂದ ನಗರದ ಬಸ್ಸು ಹಿಡಿಯಬೇಕಿತ್ತು. ಅಲ್ಲಿನ ನಿಲ್ದಾಣದಲ್ಲಿ ಅವಳ ಬಸ್ಸು ಮೊದಲು ಬಂತು. ಬಾಗಿಲಲ್ಲಿದ್ದ ಕಂಡಕ್ಟರ್ ಕೇಳಿದ, "ಎಲ್ಲಿಗಬೇ ಮುದುಕಿ?"

ಅವಳು ಹೇಳಿದಳು. ಅವನಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದಳು. ಹಿಂದಿದ್ದವರು ನುಗ್ಗತೊಡಗಿದರು. ನಾನು ಊರಿನ ಹೆಸರು ಹೇಳಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದು ನನ್ನನ್ನು ತಡೆದಳು. ತುಟಿ ಒರೆಸಿಕೊಂಡು ಒಂದೊಂದೇ ಅಕ್ಷರ ಬಿಡಿಸಿ ಮೂರನೇ ಸಲ ಹೇಳಿದಳು.

"ದಢೇಸೂಗೂರೇನು? ಏರು, ಏರು," ಎಂದ ಕಂಡಕ್ಟರ್.

ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪಕ್ಕದ ಹೆಂಗಸು ಏನೋ ಕೇಳಿದಳು. ದೊಡ್ಡವ್ವ ಅವಳ ಕಡೆ ತಿರುಗಿ ಉತ್ತರ ಕೊಡುತ್ತಿದ್ದಳು. ಬಸ್ಸು ಹೊರಟಿತು, ನನ್ನ ಕಡೆ ನೋಡುವುದನ್ನು ಮರೆತಳು. ನನ್ನ ಬಸ್ಸಿಗೆ ಇನ್ನೂ ಎರಡು ತಾಸಿತ್ತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಚೀಲ ಇಟ್ಟುಕೊಂಡು ಕೂತೆ.