ಮ ಖಾನೆಗೆ ಬಿದ್ದ ಕ

ಹುಣಸೂರಿನ ಪೇಟೆಬೀದಿಯ ಪ್ರೆಸ್ಸಿನಲ್ಲಿ ಶಿವನಂಜಪ್ಪ ಕಂಪೋಸಿಟರ್ ಆಗಿದ್ದ. ಸೀಸದ ಅಚ್ಚುಮೊಳೆಗಳನ್ನು ಹೆಕ್ಕಿ ಸಾಲು ಕಟ್ಟುವುದು, ಅಚ್ಚಾದ ಮೇಲೆ ಬಿಡಿಸಿ ಆಯಾ ಅಕ್ಷರದ ಖಾನೆಗೆ ಹಾಕುವುದು ಅವನ ಕೆಲಸ. ಕೈ ಚುರುಕು, ಬಾಯಿ ಇನ್ನೂ ಚುರುಕು. "ನಾನು ಜೋಡಿಸಿದ್ದಕ್ಕೆ ಪ್ರೂಫ್ ಯಾಕೆ ಅಣ್ಣೋರೆ?" ಎಂದು ಜಂಬ ಕೊಚ್ಚುತ್ತಿದ್ದ. ವಾರಪತ್ರಿಕೆಯ ಒಡೆಯರೂ ಸಂಪಾದಕರೂ ಆದ ಚನ್ನಬಸವಣ್ಣನವರು ನಕ್ಕು, ಪ್ರೂಫ್ ನೋಡದೆಯೇ ಅಚ್ಚಿಗೆ ಬಿಡುತ್ತಿದ್ದರು. ಅದೇ ಮುಳುವಾಯಿತು ನೋಡಿ.

ಐವತ್ತೈದನೇ ಇಸವಿಯಲ್ಲಿ ಸಾಲಿಗ್ರಾಮಕ್ಕೆ ಕಂಪನಿ ನಾಟಕ ಬಂತು. ಬಸ್ಸು ತಪ್ಪೀತೆಂದು ಶಿವನಂಜಪ್ಪ ಹಳೆಯ ಪುಟದ ಮೊಳೆಗಳನ್ನು ಅವಸರದಲ್ಲಿ ಖಾನೆಗಳಿಗೆ ಹಾಕಿ ಓಡಿದ. ಮ ಖಾನೆಗೆ ಒಂದು ಕ ಬಿತ್ತು. ಮರುದಿನ ನಿದ್ದೆಗಣ್ಣಿನಲ್ಲೇ ತಲೆಬರಹ ಕಟ್ಟಿದ. 'ಹುಣಸೂರಿಗೆ ಮಂತ್ರಿಗಳ ಆಗಮನ' ಆಗಬೇಕಾದ್ದು 'ಹುಣಸೂರಿಗೆ ಕಂತ್ರಿಗಳ ಆಗಮನ' ಆಗಿ ಮನೆಮನೆಗೆ ಹೋಯಿತು. ಅಯ್ಯೋ ಶಿವನೇ, ಬೀದಿನಾಯಿಗಿಡುವ ಹೆಸರು! ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಂತ್ರಿಗಳು ಮಾತ್ರ ನಗಲಿಲ್ಲ. ಎಚ್.ಡಿ. ಕೋಟೆ ಕಾಡಿನ ಮರ ಯಾರ ಪಾಲಾಗುತ್ತಿದೆ ಎಂದು ಬರೆದು ಚನ್ನಬಸವಣ್ಣನವರು ಮೊದಲೇ ದೊಡ್ಡವರ ಕಣ್ಣು ಕೆಂಪಾಗಿಸಿದ್ದರು. ಈಗ ನೆಪ ಸಿಕ್ಕಿತು.

ಇನ್‌ಸ್ಪೆಕ್ಟರು ಪ್ರೆಸ್ಸಿಗೆ ನುಗ್ಗಿ, "ಇದನ್ನ ಜೋಡಿಸಿದೋನು ಯಾರು?" ಎಂದು ಗುಡುಗಿದರು.

"ನನ್ನ ಪತ್ರಿಕೇಲಿ ಬಂದಿದ್ದೆಲ್ಲ ನಂದೇ ಕಣ್ರೀ," ಎಂದರು ಚನ್ನಬಸವಣ್ಣನವರು.

ಶಿವನಂಜಪ್ಪ ಯಂತ್ರದ ಹಿಂದೆ ಅಡಗಿ ನಿಂತಿದ್ದ. ಉಬ್ಬಸದ ಚನ್ನಬಸವಣ್ಣನವರು ಕೆಮ್ಮುತ್ತಲೇ ಪೊಲೀಸರ ಜೀಪು ಹತ್ತಿದರು. ಪ್ರೆಸ್ಸಿಗೆ ಬೀಗ ಬಿತ್ತು.

ಅಂದಿನಿಂದ ಶಿವನಂಜಪ್ಪ ಆ ಬೀಗದ ಮುಂದೆ ಹಾಯಲಾರದೆ ಸುತ್ತುಬಳಸಿ ಓಡಾಡಿದ. ಸಾಲದ್ದಕ್ಕೆ ಚನ್ನಬಸವಣ್ಣನವರ ಹೆಂಡತಿ ನೀಲಾಂಬಿಕೆ, ಪಾಪ, ಇವನ ಸಂಬಳ ನಿಂತಿತೆಂದು ರಾಗಿಹಿಟ್ಟು ಕಳಿಸಿಕೊಟ್ಟರು. ಆ ಹಿಟ್ಟಿನ ಮುದ್ದೆ ಉಂಡರೆ ದಕ್ಕೀತೇ?

ಕೆಲವು ವಾರ ಕಳೆದು, ಬೆಂಗಳೂರಿನಿಂದ ಕನ್ನಡಕದ ಮಹನೀಯರೊಬ್ಬರು ಅವನ ಮನೆ ಹುಡುಕಿಕೊಂಡು ಬಂದರು. ಹೊರದೇಶದಲ್ಲಿ ಪತ್ರಿಕೆಯವರದೊಂದು ಸಂಘವಿದೆಯಂತೆ. ಯಾವ ಮೂಲೆಯಲ್ಲಿ ಪತ್ರಕರ್ತನನ್ನು ಒಳಗೆ ಹಾಕಿದರೂ ಆ ಸರ್ಕಾರವನ್ನು ಏಕೆಂದು ಕೇಳುತ್ತದಂತೆ. ಅದರ ಪರವಾಗಿ ಇವರು ಬಂದಿದ್ದರು.

"ಬೇಕೂಂತಲೇ ಅವಮಾನ ಮಾಡಿದ್ದು ಅಂತ ಸರ್ಕಾರ ಹೇಳ್ತಿದೆ. ಕೈತಪ್ಪು ಅಂತ ನೀವೊಂದು ಮಾತು ಹೇಳಿದರೆ ನಾಳೆಯೇ ಬಿಡುಗಡೆ ಆಗಬಹುದು," ಎಂದರು.

ಒಂದು ಮಾತು! ನಾಲಿಗೆಯ ತುದಿಗೇ ಬಂದಿತ್ತು. ಆದರೆ ಒಳಗಿನಿಂದ ತುಂಬು ಬಸುರಿ ಹೆಂಡತಿ ಸುಂದ್ರಮ್ಮ ಇಣುಕಿದಳು. ಇನ್‌ಸ್ಪೆಕ್ಟರ ಮುಖ ನೆನಪಾಯಿತು. ನಿಜ ಹೇಳಿದರೆ ಆ ಜೀಪನ್ನು ತಾನೇ ಹತ್ತಬೇಕಾದೀತು ಎನಿಸಿತು.

"ನಂಗೇನು ಗೊತ್ತು ಸ್ವಾಮಿ? ಅವ್ರು ಬರ್ದು ಕೊಟ್ಟಿದ್ದ ಜೋಡ್ಸೋದಷ್ಟೇ ನನ್ ಕೆಲ್ಸ," ಎಂದುಬಿಟ್ಟ.

ಬಂದವರು ನಿಟ್ಟುಸಿರುಬಿಟ್ಟು ಹೋದರು. "ಅಲ್ಲ ಕಣ್ರೀ, ಅಂಗಾ ಬರ್ದಿದ್ರು ಅವ್ರು?" ಎಂದು ಸುಂದ್ರಮ್ಮ ಕೇಳಿದಳು. ಶಿವನಂಜಪ್ಪ ಅವಳ ಮೇಲೆ ಸಿಡುಕಿ ಹೊರಗೆ ಹೋದ. ಥೂ, ಎಂಥ ಬಾಳು ತನ್ನದು ಎಂದು ತನ್ನನ್ನೇ ಬೈದುಕೊಂಡ.

ಆ ಸಂಘದವರು ಕೈಬಿಡಲಿಲ್ಲ. ಬೇಕೆಂದೇ ಬರೆದಿದ್ದರೂ ಒಂದು ಮಾತಿಗಾಗಿ ಮನುಷ್ಯನನ್ನು ಕೂಡಿಹಾಕುವುದು ಯಾವ ನ್ಯಾಯ ಎಂದು ಪತ್ರದ ಮೇಲೆ ಪತ್ರ ಬರೆದರು. ದೇಶದ ಮರ್ಯಾದೆ ಹೋಗುತ್ತದೆಂದು ದೊಡ್ಡವರು ಮೆತ್ತಗಾದರು. ಮಳೆಗಾಲ ಮುಗಿಯುವ ಹೊತ್ತಿಗೆ ಚನ್ನಬಸವಣ್ಣನವರು ಬಂದರು. ಅರ್ಧ ದೇಹ ಇಳಿದುಹೋಗಿತ್ತು. ಊರವರು ಹಾರ ಹಾಕಿ, ಮಂತ್ರಿಯನ್ನೇ ಕಂತ್ರಿ ಎಂದ ಗಂಡುಗಲಿ ಎಂದು ಹೊಗಳಿದರು. ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಜನ ಚದುರಿದ ಮೇಲೆ ಶಿವನಂಜಪ್ಪ ಅವರ ಕಾಲು ಹಿಡಿದ. "ನನ್ ಕೈತಪ್ಪು ಅನ್ನೋಕೆ ಹೆದ್ರಿಬುಟ್ಟೆ ಅಣ್ಣೋರೆ."

"ಹೆದ್ರಿಕೆ ಯಾರಿಗಿಲ್ಲ ಬುಡಪ್ಪ, ನಂಗೂ ಇತ್ತು," ಎಂದರು ಚನ್ನಬಸವಣ್ಣನವರು. ಕೆಮ್ಮಿಕೊಂಡೇ ಮಾತು ಮುಂದುವರಿಸಿದರು. "ಆ ಸಂಘದೋರು ನನ್ನ ಮುಖ ಕಂಡೋರಲ್ಲ, ನಮ್ಮ ಭಾಷೆ ಬಲ್ಲೋರಲ್ಲ. ಸಮುದ್ರದಾಚೆಯಿಂದ ಇವನನ್ನ ಬುಡಿ ಅಂದ್ರು. ನೀನು ಇಲ್ಲೇ ಇದ್ದೆಯಲ್ಲೋ, ಶಿವನಂಜ."

ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವರು ಬೈಯಲಿಲ್ಲ. ಪ್ರೆಸ್ಸಿನ ಬೀಗ ತೆಗೆದು, ಜೋಡಿಸಲು ಬರುವ ವಾರದ ಬರಹವನ್ನು ಅವನ ಕೈಗೇ ಕೊಟ್ಟರು.