ಸುಣ್ಣದ ಗೆರೆಯ ಫಕೀರಪ್ಪ, ಮತ್ತೊಂದು ‘ಹೈಸಾ’

ಪುಣೆಯ ಶುಕ್ರವಾರ ಪೇಠೆ ಇನ್ನೂ ಕಣ್ಣು ಬಿಟ್ಟಿಲ್ಲ. ತರುಣ ಮಂಡಳದ ಬಾಸ್ಕೆಟ್‌ಬಾಲ್ ಮೈದಾನದಲ್ಲಿ ಫಕೀರಪ್ಪ ಆಗಲೇ ಸೊಂಟ ಬಗ್ಗಿಸಿದ್ದಾರೆ. ಎರಡು ಗೂಟಕ್ಕೆ ಹುರಿ ಬಿಗಿದು, ಅದರ ಗುಂಟ ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸುತ್ತ ಹಿಂದೆ ಹಿಂದೆ ಸರಿಯುತ್ತಾರೆ. ಎಡಗಾಲು ತುಸು ಎಳೆಯುತ್ತದೆ. ಗೆರೆ ಮಾತ್ರ ಎಲ್ಲೂ ಸೊಟ್ಟಗಾಗುವುದಿಲ್ಲ. ದಿನಕ್ಕೆ ನಲವತ್ತು ಕೊಡ ನೀರು, ಒಂದು ಬುಟ್ಟಿ ಸುಣ್ಣ. ಸಂಜೆ ಹತ್ತು ಜೋಡಿ ಕಾಲುಗಳು ಅಷ್ಟನ್ನೂ ಅಳಿಸಿ ಹಾಕುತ್ತವೆ, ಮರುದಿನ ಮತ್ತೆ ಶ್ರೀಕಾರ.

ಹೆಂಡತಿ ಪಾರವ್ವ ಮೈದಾನದ ಮೂಲೆಯ ಗುಡಿಸಲ ಬಾಗಿಲಲ್ಲಿ ಕೂತು ನಗುತ್ತಾರೆ. “ತಳಾ ಇಲ್ಲದ ಬುಟ್ಟಿಗೆ ಚೆಂಡು ಹಾಕಿ ಕುಣೀತಾರ. ಅದಕ್ಕ ಈ ಮನಷ್ಯಾ ರಂಗೋಲಿ ಬ್ಯಾರೆ!”

ಹೋದ ತಿಂಗಳು ಆ ನಗುವೂ ಬತ್ತಿತ್ತು. ತಂಡ ಸಾಲಾಗಿ ಆರು ಪಂದ್ಯ ಸೋತಿತ್ತು. ಏಳನೆಯದೂ ಹೋದರೆ ಕಂಬ ಕಿತ್ತು ಕಟ್ಟಿಗೆ ವಖಾರಿ ಹಾಕುತ್ತೇನೆಂದು ಜಾಗದ ಮಾಲೀಕರು ಖಡಾಖಡಿ ಹೇಳಿದ್ದರು. ಕಂಬ ಹೋದರೆ ಫಕೀರಪ್ಪನ ಕೆಲಸ ಹೋಯಿತು, ಗುಡಿಸಲೂ ಹೋಯಿತು.

ಮಂಡಳದ ಕಾರ್ಯದರ್ಶಿ, ಅರಿವೆ ವ್ಯಾಪಾರಿ ನಿಜಲಿಂಗಪ್ಪನವರಿಗೆ ಗೊತ್ತಿದ್ದ ಮದ್ದು ಒಂದೇ. ಸೋತ ಮಾರನೇ ದಿನ ಇಬ್ಬರನ್ನು ತೆಗೆ, ಇಬ್ಬರನ್ನು ಹಾಕು. ಹೊಲಿಗೆ ಬಿಟ್ಟ ಅಂಗಿಗೆ ಗುಂಡಿ ಬದಲಿಸಿದ ಹಾಗೆ! ಆರು ಪಂದ್ಯಕ್ಕೆ ಹದಿಮೂರು ಮಂದಿ ಆಡಿದರು. ಯಾರ ಬೆನ್ನಿಗೆ ಯಾರು ನಿಲ್ಲಬೇಕೆಂಬುದು ಒಬ್ಬರಿಗೂ ತಿಳಿಯಲಿಲ್ಲ. ಎದುರಾಳಿಗಳು ಮಾವನ ಮನೆಗೆ ಬಂದಂತೆ ಬಂದು ಬುಟ್ಟಿ ತುಂಬಿಸಿ ಹೋದರು.

ಗೆರೆಯಾಚೆ ಕೂತ ಫಕೀರಪ್ಪನ ಕಿವಿಗೆ ಮಾತ್ರ ಬೇರೊಂದು ಬಿತ್ತು. ನಾಯಕ ಕೃಷ್ಣಾಜಿ ಮರಾಠಿಯವ. ಎದುರಾಳಿ ಚೆಂಡಿನೊಂದಿಗೆ ನುಗ್ಗಿದಾಗಲೆಲ್ಲ ‘ಭಿಡ! ಭಿಡ!’ ಎಂದು ಕೂಗುತ್ತಿದ್ದ. ಹಾಗೆಂದರೆ ಮೇಲೆ ಬೀಳು, ಅಡ್ಡಗಟ್ಟು. ವಿಜಾಪುರದ ಕಡೆಯಿಂದ ಬಂದ ಗುಮಾಸ್ತ ಶಿವಪುತ್ರಪ್ಪ ಪೇಟೆಯಲ್ಲಿ ನಾಲ್ಕು ಮಾತು ಮರಾಠಿ ಕಲಿತಿದ್ದರೂ, ಓಟದ ಭರದಲ್ಲಿ ಅವನಿಗೆ ಕೇಳಿಸುತ್ತಿದ್ದದ್ದು ಅಪ್ಪಟ ಕನ್ನಡದ ‘ಬಿಡು’. ನಾಯಕನ ಮಾತು ಮೀರಲುಂಟೆ? ದಾರಿ ಬಿಟ್ಟು ನಿಲ್ಲುತ್ತಿದ್ದ!

“ಧಣ್ಯಾರ, ಮಂದೀನ ಬದಲಸಬ್ಯಾಡ್ರಿ. ಮಾತು ಬದಲಸ್ರಿ,” ಎಂದರು ಫಕೀರಪ್ಪ.

“ಸುಣ್ಣಾ ಹಾಕಾಂವ ನೀ. ನನಗ ಆಟಾ ಕಲಸ್ತಿಯೇನು?” ಎಂದರು ನಿಜಲಿಂಗಪ್ಪ.

ಫಕೀರಪ್ಪ ಎಡಗಾಲಿನ ಚಪ್ಪಲಿ ಕಳಚಿದರು. ಎರಡು ಬೆರಳಿಲ್ಲ.

“ದೌಂಡದಾಗ ರೈಲ ಹಳಿ ಹೊರೂ ಗ್ಯಾಂಗಿನ್ಯಾಗ ಇದ್ನಿರಿ. ಎಂಟು ಮಂದಿ, ದಿನಾ ಹೊಸಬರು. ಹಳಿಗೆ ಹಳಿ ಜೋಡಸು ಅಂತ ಗ್ಯಾಂಗ್ ನಡಸೂ ಮುಕಾದಮ ‘ಭಿಡವ’ ಅಂದ. ನನಗ ‘ಬಿಡು’ ಅಂತ ಕೇಳಿಸ್ತು. ಬಿಟ್ಟೆ. ಆಮ್ಯಾಲೆ ಎಂಟು ಮಂದೀನ ಕಾಯಂ ಮಾಡಿದ್ರು, ‘ಹೈಸಾ’ ಅಂತ ಒಂದ ಮಾತು ಇಟ್ರು. ಹತ್ತು ವರ್ಷ ಒಬ್ಬರ ಉಗುರೂ ಮುರೀಲಿಲ್ಲ ನೋಡ್ರಿ.”

ನಿಜಲಿಂಗಪ್ಪನವರು ಕೃಷ್ಣಾಜಿಯನ್ನು ಕರೆಸಿ ‘ಭಿಡ’ ಬಿಡಿಸಿದರು, ಎಲ್ಲರಿಗೂ ತಿಳಿಯುವ ಒಂದೇ ಮಾತು ಇಟ್ಟರು. ಮರುದಿನವೇ ಐವರ ಹೆಸರು ಬರೆದರು, ಇಪ್ಪತ್ತು ದಿನ ಆ ಚೀಟಿ ಮುಟ್ಟಲಿಲ್ಲ. ಮೊದಲ ವಾರ ಐವರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಎರಡನೆಯ ವಾರದ ಹೊತ್ತಿಗೆ ಬೈಗುಳ ಕಡಿಮೆಯಾಯಿತು. ಮೂರು ಸಲ ತಂಡದಿಂದ ಹೊರಬಿದ್ದಿದ್ದ ಉಡುಪಿ ಹೋಟೆಲಿನ ಸುಂದರ, ಮೂರನೆಯ ವಾರದಲ್ಲಿ ಹಿಂದಿರುಗಿ ನೋಡದೆಯೇ ಶಿವಪುತ್ರಪ್ಪ ಎಲ್ಲಿದ್ದಾನೆಂದು ಹೇಳುವಷ್ಟು ಪಳಗಿದ.

ಕಳೆದ ಭಾನುವಾರ ಏಳನೆಯ ಪಂದ್ಯ. ದಂಡಿನ ಪ್ರದೇಶದ ಬಲಾಢ್ಯ ತಂಡ ಎದುರಿಗೆ. ಕೊನೆಯ ನಿಮಿಷ, ನಮ್ಮವರು ಇಪ್ಪತ್ತು, ಅವರು ಹತ್ತೊಂಬತ್ತು. ಅವರ ಆರಡಿ ಆಳು ಚೆಂಡು ಪುಟಿಸುತ್ತ ನುಗ್ಗಿದ. ‘ಹೈಸಾ!’ ಎಂದ ಕೃಷ್ಣಾಜಿ. ಶಿವಪುತ್ರಪ್ಪ ಬಿಡಲಿಲ್ಲ! ಎದೆಯೊಡ್ಡಿ ದಾರಿ ಕಟ್ಟಿದ. ಆಳು ಪಕ್ಕಕ್ಕೆ ಹೊರಳಿದರೆ ಅಲ್ಲಿ ಸುಂದರ. ಇಡೀ ಪೇಠೆ ‘ಹೈಸಾ, ಹೈಸಾ’ ಎಂದು ಒದರಿತು. ಎಲ್ಲರಿಗಿಂತ ಜೋರು ದನಿ ವಖಾರಿಯ ಮಾತಾಡಿದ್ದ ಮಾಲೀಕರದು. ಚೆಂಡು ಗೆರೆ ದಾಟಿ ಫಕೀರಪ್ಪನ ಮಡಿಲಿಗೇ ಬಂದು ಬಿತ್ತು, ಪಂದ್ಯ ಮುಗಿದ ಸೀಟಿ ಕೂಗಿತು. ಪಾರವ್ವ ಸೆರಗು ಕಟ್ಟಿ ಕುಣಿದರು. ತಳವಿಲ್ಲದ ಬುಟ್ಟಿಯ ಆಟ ಅವರಿಗೂ ಅರ್ಥವಾಗಿತ್ತು.

ಕಂಬ ಉಳಿದಿದೆ. ಇಂದು ಬೆಳಿಗ್ಗೆ ಗೆದ್ದ ತಂಡದ ಫೋಟೋ. ನಿಜಲಿಂಗಪ್ಪನವರು ತಾವೇ ಬಂದು ಕೈಹಿಡಿದು ಕರೆಯುತ್ತಾರೆ: “ಬಾರೋ ಫಕೀರಪ್ಪ, ನಡುವ ನೀ ಕೂಡಬೇಕು.”

ಫಕೀರಪ್ಪ ಸುಣ್ಣದ ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ. ಆಮೇಲೆ ಫೋಟೋದವನ ಹತ್ತಿರ ಹೋಗಿ ಮೆಲ್ಲಗೆ ಹೇಳುತ್ತಾರೆ: “ನಾ ಬ್ಯಾಡ್ರಿ. ತುಸು ಎತ್ತರದ ಮ್ಯಾಲೆ ನಿಂತು ತೆಗೀರಿ, ಗೆರೀ ಎಲ್ಲಾ ಕಾಣಬೇಕು. ಮುಂಜಾನೆದ್ದು ಹಾಕೀನಿ, ಇನ್ನೂ ಯಾರೂ ತುಳದಿಲ್ಲ.”