ಕಲ್ಲಿನಂಥ ಗಿಡ, ಪೂಜೆಯ ನೀರು

ಆ ಮಾತು ಆಡಿದವನು ನಾನೋ, ಅಂದು ಮನೆಗೆ ಬಂದಿದ್ದ ಸಹೋದ್ಯೋಗಿಯೋ, ಖಚಿತವಾಗಿ ಹೇಳಲಾರೆ. ಅವರು ಅಂದರು, ನಾನು ನಕ್ಕೆ ಎಂದು ನನ್ನ ನೆನಪು. ಹೆಂಡತಿಯ ನೆನಪು ಬೇರೆ. ನೆನಪನ್ನು ಸಾಕ್ಷಿಯೆಂದು ಒಪ್ಪಬೇಡಿ ಅಂತ ವಿದ್ಯಾರ್ಥಿಗಳಿಗೆ ಹೇಳುವ ನಾನು, ಈ ಒಂದು ವಿಷಯದಲ್ಲಿ ನನ್ನ ನೆನಪಿಗೇ ಜೋತುಬಿದ್ದಿದ್ದೇನೆ. ನನಗೆ ನನ್ನ ಮೇಲೆಯೇ ಅನುಮಾನ ಬಂದದ್ದೂ ಅದರಿಂದಲೇ.

ಸಪ್ತಾಪುರದಲ್ಲಿ ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. ಬಾಲ್ಕನಿಯ ಒಂದು ಕುಂಡದಲ್ಲಿ ಲಿಥಾಪ್ಸ್ ಬೆಳೆಸಿದ್ದೆ. ನೋಡಲು ಥೇಟ್ ಬೆಣಚುಕಲ್ಲು. ನಡುವಿನ ಸೀಳನ್ನು ಗಮನಿಸಿದರೆ ಮಾತ್ರ ಅದು ಎರಡು ದಪ್ಪ ಎಲೆಗಳ ಗಿಡವೆಂದು ತಿಳಿಯುತ್ತದೆ. ಮೊದಲ ಸಲ ತಂದವು ಇಲ್ಲಿಯ ಮಳೆಗಾಲದಲ್ಲಿ ಕೊಳೆತುಹೋದವು. ಆಮೇಲೆ ಮಣ್ಣು ಕಡಿಮೆ ಮಾಡಿ ದಪ್ಪ ಮರಳು ತುಂಬಿ, ಬೆಳಗಿನ ಬಿಸಿಲಿಗಿಟ್ಟು, ಆಷಾಢ ಶ್ರಾವಣದಲ್ಲಿ ಹನಿ ನೀರೂ ಕೊಡದೆ ಉಳಿಸಿಕೊಂಡೆ. ಹಳದಿ ಹೂವೂ ಬಿಟ್ಟಿತು. ಬಂದವರಿಗೆಲ್ಲ ತೋರಿಸುವ ಚಟ ಹತ್ತಿತು.

ಸೋದರತ್ತೆ ನಮ್ಮ ಜೊತೆಗೇ ಇರುತ್ತಾರೆ. ದಿನಾ ಮುಂಜಾನೆ ದೇವರ ಜಗಲಿಯ ಮೇಲಿನ ಲಿಂಗಕ್ಕೆ ನೀರೆರೆಯುತ್ತಾರೆ. ಆ ನೀರನ್ನು ಕಾಲು ತಾಗುವಲ್ಲಿ ಚೆಲ್ಲುವಂತಿಲ್ಲ. ಅದು ಬಾಲ್ಕನಿಯ ಕುಂಡಗಳಿಗೆ ಹೋಗುತ್ತಿತ್ತು.

ಸಂಕ್ರಮಣದ ನಂತರ ಒಂದು ಭಾನುವಾರ ಸಹೋದ್ಯೋಗಿಯನ್ನು ಬಾಲ್ಕನಿಗೆ ಕರೆದೊಯ್ದೆ. ಗಿಡಗಳು ಸುಕ್ಕುಗಟ್ಟಿ, ಕಾಗದದ ಹಾಗೆ ಒಣಗಿದ್ದವು. ನನಗೆ ಮುಖಭಂಗವಾಯಿತು. ಮೊದಲಿನವುಗಳ ಹಾಗೆ ಇವೂ ನೀರು ಹೆಚ್ಚಾಗಿಯೇ ಸತ್ತವು ಅಂದುಕೊಂಡು ಅತ್ತೆಯನ್ನು ಕರೆದೆ.

“ಅತ್ತಿ, ಇದಕ್ಕ ನೀರ ಹಾಕಬ್ಯಾಡ್ರಿ ಅಂತ ಎಷ್ಟ ಸಲ ಹೇಳೇನಿ?”

“ನಾ ಹಾಕಿಲ್ಲೋ ಅಪ್ಪಾ. ಅವು ಕಲ್ಲ ಅಂತ ತಿಳಕೊಂಡೇನಿ. ಕಲ್ಲಿಗೆ ಯಾರರ ನೀರ ಹಾಕ್ತಾರೇನು?”

“ಮತ್ತ ದಿನಾ ಮುಂಜಾನೆ ಹಾಕೂದು ಯಾತಕ್ರಿ? ಕಲ್ಲಿಗೇ ಅಲ್ಲೇನು?”

ಯಾರು ಆಡಿದ್ದೆಂದು ಖಚಿತವಿಲ್ಲ ಅಂದೆನಲ್ಲ, ಆ ಮಾತು ಇದೇ. ನಗು ಎದ್ದಿತು. ಅತ್ತೆ ನಗಲಿಲ್ಲ. “ಚಾ ಆರತೈತಿ, ಒಳಗ ಬರ್ರಿ” ಎಂದು ಸಹೋದ್ಯೋಗಿಗೆ ಹೇಳಿ ಒಳಗೆ ನಡೆದರು.

ಮರುದಿನದಿಂದ ಅವರು ಯಾವ ಕುಂಡಕ್ಕೂ ನೀರು ಹಾಕಲಿಲ್ಲ. ತಂಬಿಗೆ ಹಿಡಿದು, ನೋಯುವ ಮೊಣಕಾಲಿನಲ್ಲೇ ಮೆಟ್ಟಿಲಿಳಿದು, ಗೇಟಿನ ಹತ್ತಿರದ ಬೇವಿನ ಬುಡಕ್ಕೆ ಸುರಿದು ಬರತೊಡಗಿದರು.

“ಕೊಡ್ರಿಲ್ಲೆ, ನಾ ಹಾಕಿ ಬರ್ತೇನಿ” ಅಂದೆ.

“ಬ್ಯಾಡ. ನಿನಗ ಅದು ಬರೇ ನೀರು. ಎಲ್ಲಿ ಬೇಕಲ್ಲಿ ಚೆಲ್ತಿ.”

ಆ ಮಾತು ಯಾರದೆಂದು ಹೆಂಡತಿಯನ್ನು ಕೇಳಿದೆ. “ಅಂದಾವ್ರು ನೀವ. ಅವ್ರು ನಕ್ಕರು, ಅಷ್ಟ” ಎಂದಳು, ಹೆಚ್ಚುತ್ತಿದ್ದ ಬದನೆಕಾಯಿಯಿಂದ ಕಣ್ಣೆತ್ತದೆ. ಇನ್ನೊಬ್ಬರ ಮನೆಗೆ ಬಂದವರು ಅಲ್ಲಿಯ ಹಿರಿಯರಿಗೆ ಹಾಗೆ ಅನ್ನುವುದುಂಟೇ? ಹೀಗೆ ಯೋಚಿಸಿದಾಗಲೆಲ್ಲ ಮುಖ ಬಿಸಿಯಾಗುತ್ತದೆ. ಆದರೂ ಅತ್ತೆಯ ಬಳಿ ತಪ್ಪಾಯಿತು ಎಂದಿಲ್ಲ. ಮೊದಲು ಯಾರು ಅಂದದ್ದೆಂದು ತೀರ್ಮಾನವಾಗಲಿ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಬೆಳಿಗ್ಗೆ ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿದರೆ ಪೇಪರನ್ನು ಮುಖಕ್ಕೆ ಹಿಡಿಯುತ್ತೇನೆ.

ಪರಿಶೀಲಿಸಲು ಸಾಧ್ಯವಿದ್ದದ್ದು ಒಂದೇ. ಒಣಗಿದ ಎಲೆಯನ್ನು ಉಗುರಿನಿಂದ ಬಿಡಿಸಿದೆ. ಒಳಗೆ ಹಸಿರು ಎಲೆಗಳ ಹೊಸ ಜೋಡಿಯಿತ್ತು. ಈ ಗಿಡ ಬೆಳೆಸುವವರು ಬರೆದದ್ದನ್ನೂ ಹುಡುಕಿ ಓದಿದೆ. ಎಲ್ಲರೂ ಹೇಳುವುದು ಒಂದೇ: ಚಳಿಗಾಲ ಮುಗಿಯುವ ಹೊತ್ತಿಗೆ ಹಳೆಯ ಎಲೆಗಳು ತಮ್ಮ ನೀರನ್ನು ಹೊಸವಕ್ಕೆ ಕೊಟ್ಟು ಒಣಗುತ್ತವೆ, ಆಗ ಯಾರಾದರೂ ನೀರು ಹಾಕಿದರೆ ಅವು ಒಣಗದೆ ಉಬ್ಬಿಕೊಂಡೇ ಉಳಿಯುತ್ತವೆ. ನಮ್ಮವು ಒಣಗಿದ್ದವು. ಅತ್ತೆ ನೀರು ಹಾಕಿರಲಿಲ್ಲ.